ಭಾವೂಚಾ ಧಕ್ಕಾದ ಬೋಟು ಬಿಡಿಸಿದ್ರೆ ಬಿಸಿಲು ಯಾಕೆ ಸುಣ್ಣ ಆಗುತ್ತೆ?

ಪ್ರಶ್ನೆ: ನಾನು ಮುಂಬೈಯ ಮುಲುಂಡ್‌ನಲ್ಲಿರೋದು, ಹುಟ್ಟಿದ್ದು ಮಲ್ಪೆ ಹತ್ರ. ಬ್ಯಾಂಕ್ ಕೆಲಸ ಬಿಟ್ಟ ಮೇಲೆ ಆಯಿಲ್ ಪೇಂಟಿಂಗ್ ಶುರು ಮಾಡಿದೆ, ಈಗ ಎರಡು ವರ್ಷ. ಮೇ ತಿಂಗಳಲ್ಲಿ ಒಂದು ಭಾನುವಾರ ಮಗ ಇಲ್ಲಿನ ಬಂದರಿನ ಬೋಟ್ ಕಟ್ಟೆ ಭಾವೂಚಾ ಧಕ್ಕಾಕ್ಕೆ ಕರ್ಕೊಂಡು ಹೋಗಿ ಮಧ್ಯಾಹ್ನ ಮೊಬೈಲಲ್ಲಿ ಫೋಟೋ ತೆಗೆದ, ಅದನ್ನ ನೋಡ್ಕೊಂಡು ರಾತ್ರಿ ಹಾಲ್‌ನಲ್ಲಿ ಕೂತು ನಾಲ್ಕು ಚಿತ್ರ ಮಾಡಿದೀನಿ. ಒಂದರಲ್ಲೂ ಬಿಸಿಲಿಲ್ಲ. ಬಿಸಿಲು ಬರಲಿ ಅಂತ ವೈಟ್ ಹಾಕಿದಷ್ಟೂ ಸುಣ್ಣ ಹೊಡೆದ ಹಾಗಾಗುತ್ತೆ. ನೀರು ಪ್ಲಾಸ್ಟಿಕ್ ಬಕೆಟ್ ಬಣ್ಣ, ಬೋಟು ನೀರಲ್ಲಿಲ್ಲ, ಮೇಲೆ ಅಂಟಿಸಿದ ಹಾಗಿದೆ. ಕ್ಲಾಸಿನ ಟೀಚರ್ ಕಪ್ಪು ಬಣ್ಣ ಮುಟ್ಟಲೇಬೇಡಿ ಅಂತಾರೆ, ಗೆಳತಿ ಒಬ್ಬಳು ಫಾರಿನ್ ಟ್ಯೂಬ್ ಇಲ್ದೆ ಬಿಸಿಲು ಬರಲ್ಲ ಅಂತಾಳೆ. ಜುಲೈಲಿ ಮಾಡಿದ್ದು ಮೂರು ವಾರ ಆದ್ರೂ ಅಂಟಂಟು, ಕ್ಯಾನ್ವಾಸ್ ಹಿಂದೆ ಬೂಸ್ಟು ಬೇರೆ. ಒಣಗಿದ ಕಡೆ ಗಾಢ ಬಣ್ಣ ಎಲ್ಲ ಬೂದಿ ಬಳಿದ ಹಾಗೆ ಮಂಕು. ಇದು ಬಣ್ಣದ ತಪ್ಪಾ, ನನ್ನ ಕೈ ತಪ್ಪಾ? ನಾಲ್ಕರ ಫೋಟೋನೂ ಕಳಿಸಿದೀನಿ.

ಉತ್ತರ:

ಅಕ್ಕಾ, ನಾಲ್ಕೂ ನೋಡಿದೆ. ಕೈ ತಪ್ಪಿಲ್ಲ, ಬೋಟಿನ ಮೂತಿ ಎಲ್ಲ ಚೆನ್ನಾಗೇ ಬಂದಿದೆ, ಮಲ್ಪೆಯಲ್ಲಿ ಹುಟ್ಟಿದವರಿಗೆ ಅದನ್ನ ಯಾರೂ ಕಲಿಸಬೇಕಾಗಿಲ್ಲ ಬಿಡಿ. ಬಣ್ಣದ ತಪ್ಪೂ ಅಲ್ಲ, ಫೋಟೋದಲ್ಲಿ ಕಂಡ ಟ್ಯೂಬ್‌ಗಳನ್ನೇ ನಾನೂ ಎಷ್ಟೋ ವರ್ಷ ಬಳಸಿದೀನಿ. ನೀವು ಏಳೆಂಟು ದೂರು ಬರೆದಿದೀರಿ, ಅದರಲ್ಲಿ ಮಳೆಗಾಲದ್ದು ಬೇರೆ ಕಥೆ, ಉಳಿದದ್ದು ಹೆಚ್ಚುಕಮ್ಮಿ ಎಲ್ಲ ಒಂದೇ ಕಡೆಯಿಂದ ಬಂದಿರೋದು: ನಿಮ್ಮ ಚಿತ್ರದಲ್ಲಿ ನೆರಳಿಲ್ಲ. ಇರಬೇಕಾದ ಜಾಗದಲ್ಲೆಲ್ಲ ಅದಕ್ಕೂ ಸ್ವಲ್ಪ ಸ್ವಲ್ಪ ವೈಟ್ ಹಾಕಿ ನೆರಳನ್ನ ಕೊಂದುಬಿಟ್ಟಿದೀರಿ.

ಯಾಕೆ ಅಂತ ಹೇಳ್ತೀನಿ. ಹೊರಗಡೆ ಬಿಸಿಲಿಗೂ ನೆರಳಿಗೂ ಇರೋ ಅಂತರ ಬಹಳ ದೊಡ್ಡದು, ನೇರ ಬಿಸಿಲಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ರೆ ಪಕ್ಕದ ನೆರಳಲ್ಲಿ ಹತ್ತಿಪ್ಪತ್ತು ಸಾವಿರ ಇರುತ್ತೆ. ನಮ್ಮ ಹತ್ರ ಇರೋದು ಏನು? ಟ್ಯೂಬಿನ ಅತಿ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ತೊಂಬತ್ತರಷ್ಟು ವಾಪಸ್ ಕೊಡುತ್ತೆ, ಅತಿ ಕಪ್ಪು ನಾಲ್ಕೈದರಷ್ಟು ಕೊಡುತ್ತೆ, ಅಷ್ಟರೊಳಗೇ ಆಕಾಶ, ಸಮುದ್ರ, ಬೋಟು, ಬೋಟಿನ ಒಳಗಿನ ಕತ್ತಲೆ ಎಲ್ಲ ಹಿಡಿಸಬೇಕು. ಅಂದ್ರೆ ಬಿಸಿಲನ್ನ ಇದ್ದ ಹಾಗೆ ಇಳಿಸೋಕೆ ಯಾವ ಟ್ಯೂಬಿಂದಲೂ ಆಗಲ್ಲ, ಎಷ್ಟು ದುಡ್ಡು ಕೊಟ್ರೂ ಆಗಲ್ಲ. ಪಕ್ಕದಲ್ಲಿ ನೆರಳು ಗಟ್ಟಿಯಾಗಿ ಕೂತಾಗ ಕಣ್ಣೇ ಇದು ಬಿಸಿಲು ಅಂತ ಓದ್ಕೊಳ್ಳುತ್ತೆ, ನಾವು ಮಾಡಬಹುದಾದ್ದು ಅಷ್ಟೇ. ಅದರ ಮೇಲೆ ಟೈಟಾನಿಯಂ ವೈಟ್‌ಗೆ ಒಂದು ಕೆಟ್ಟ ಗುಣ ಇದೆ, ಯಾವ ಬಣ್ಣಕ್ಕೆ ಹಾಕಿದ್ರೂ ತಿಳಿ ಮಾಡೋದರ ಜೊತೆ ಅದರ ಕಸುವನ್ನೂ ತೆಗೆದುಬಿಡುತ್ತೆ, ತಣ್ಣಗೂ ಮಾಡುತ್ತೆ, ಕೆಂಪಿಗೆ ಹಾಕಿದ್ರೆ ಗುಲಾಬಿ, ಆರೆಂಜ್‌ಗೆ ಹಾಕಿದ್ರೆ ಐಸ್‌ಕ್ರೀಮ್. ನೀವು ಹೇಳಿದ ಸುಣ್ಣ ಇದೇ.

ನಂಬಿಕೆ ಬರದಿದ್ರೆ ಒಂದು ಕೆಲಸ ಮಾಡಿ. ಮೊನೆ ಅನ್ನೋ ಫ್ರೆಂಚ್ ಕಲಾವಿದ 1872ರಲ್ಲಿ ಲ ಹಾವ್ರ್ ಬಂದರಿನ ಸೂರ್ಯೋದಯ ಮಾಡಿದ್ದಾನಲ್ಲ, ಮಂಜಿನ ಮಧ್ಯೆ ಕಿತ್ತಳೆ ಸೂರ್ಯ, ಮುಂದೆ ಎರಡು ದೋಣಿ, ಅದರ ಫೋಟೋ ಮೊಬೈಲಲ್ಲಿ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಸೂರ್ಯ ಹೆಚ್ಚುಕಮ್ಮಿ ಮಾಯ ಆಗ್ತಾನೆ! ಸುತ್ತಲಿನ ಬೂದು ಆಕಾಶ ಎಷ್ಟು ತಿಳಿಯೋ ಸೂರ್ಯನೂ ಅಷ್ಟೇ ತಿಳಿ, ಉರಿಯೋ ಹಾಗೆ ಕಾಣೋದು ಬರೀ ತಣ್ಣನೆ ಬೂದು ಪಕ್ಕ ಬಿಸಿ ಕಿತ್ತಳೆ ಕೂತಿರೋದ್ರಿಂದ. ಸೂರ್ಯನಿಗೇ ಬಿಳಿ ಬೇಕಾಗಿಲ್ಲ ಅಂದ್ಮೇಲೆ ಬೋಟಿಗೆ ಯಾಕೆ.

ಇನ್ನು ನಿಮ್ಮ ಮಗನ ಫೋಟೋ ವಿಷಯ. ಮುಂಬೈ ಇರೋದು 19 ಡಿಗ್ರಿ ಅಕ್ಷಾಂಶದಲ್ಲಿ, ಮೇ ಮಧ್ಯಭಾಗದಲ್ಲಿ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸೂರ್ಯ ನೆತ್ತಿಯ ಸರಿ ಮೇಲೆ ಇರ್ತಾನೆ, ಕಂಬಕ್ಕೆ ನೆರಳೇ ಇರಲ್ಲ. ಆ ಹೊತ್ತಲ್ಲಿ ಬೋಟಲ್ಲಿ ಬಿಸಿಲು ಬೀಳೋದು ಎಲ್ಲಿ? ಡೆಕ್ ಮೇಲೆ, ಕ್ಯಾಬಿನ್ ಚಾವಣಿ ಮೇಲೆ, ಮೀನಿನ ಕ್ರೇಟ್ ಮೇಲೆ. ಬೋಟಿನ ಪಕ್ಕೆ ಕೆಳಗೆ ಹೋಗ್ತಾ ಒಳಗೆ ಸರಿಯುತ್ತಲ್ಲ, ಅದು ಪೂರ್ತಿ ನೆರಳು, ನೀರಿಂದ ಚಿಮ್ಮಿದ ಬೆಳಕಷ್ಟೇ ಅದಕ್ಕೆ. ಅದಕ್ಕೆ ನೀಲಿ ಪೇಂಟ್ ಹೊಡೆದಿದೆ, ಮಟಮಟ ಮಧ್ಯಾಹ್ನ ಬೇರೆ, ಹಾಗಾಗಿ ನೀವು ತಿಳಿ ನೀಲಿ ಅಂತ ಹಾಕಿದೀರಿ, ಡೆಕ್ಕೂ ತಿಳಿ ಪಕ್ಕೆನೂ ತಿಳಿ, ಬಿಸಿಲು ಎಲ್ಲಿಂದ ಬರಬೇಕು. ಇನ್ನೊಂದು ಮಾತು ಹೇಳಿದ್ರೆ ನಗ್ತೀರೇನೋ, ನೆರಳಲ್ಲಿರೋ ಬಿಳಿ ಕ್ಯಾಬಿನ್ ಗೋಡೆ ಬಿಸಿಲಲ್ಲಿರೋ ಬರೀ ಮರದ ಹಲಗೆಗಿಂತ ಗಾಢ. ನಿಜ! ಕಣ್ಣು ಅರ್ಧ ಮುಚ್ಚಿ ನೋಡಿ. ನಮ್ಮ ತಲೆ ಬಿಳಿ ಅಂದ್ರೆ ಬಿಳಿ ಅಂತ ಹಟ ಹಿಡಿಯುತ್ತೆ, ಸ್ಪೇನಿನ ಕಲಾವಿದ ಸೊರೊಯಾ (1863–1923) ವ್ಯಾಲೆನ್ಸಿಯಾ ಕಡಲ ತೀರದ ದೋಣಿ ಹಾಯಿಗಳನ್ನ ಮಾಡಿದ್ದು ನೋಡಿ, ಬಿಳಿ ಹಾಯಿಯ ನೆರಳಲ್ಲಿ ನೇರಳೆ ಇದೆ, ಓಕರ್ (ಮಣ್ಣಿನ ಹಳದಿ) ಇದೆ, ನೀಲಿ ಇದೆ, ಬಿಳಿ ಮಾತ್ರ ಇಲ್ಲ. ನನಗೆ ಬಂದರು, ದೋಣಿ, ಬಿಸಿಲು ವಿಷಯದಲ್ಲಿ ಇವತ್ತಿಗೂ ಅವನೇ ಗುರು.

ಅದರ ಮೇಲೆ ಈಗಿನ ಫೋನು ಒಂದು ಉಪದ್ರ. ನೆರಳನ್ನ ತಾನಾಗೇ ಎತ್ತಿ ತಿಳಿ ಮಾಡಿ, ಬಿಸಿಲನ್ನ ತಗ್ಗಿಸಿ, ಆಕಾಶಕ್ಕೆ ಇಲ್ಲದ ನೀಲಿ ಬಳಿದು ಕೊಡುತ್ತೆ, ನೋಡೋಕೆ ಚಂದ. ನೀವು ಆ ಸಪಾಟಾದ ಫೋಟೋನ ನಿಯತ್ತಾಗಿ ಕಾಪಿ ಮಾಡಿದೀರಿ ಅಷ್ಟೇ. ಫೋಟೋ ನೋಡಿ ಮಾಡೋದು ಪಾಪ ಅಲ್ಲ, ಮಂಡಿ ನೋವಿನವರಿಗೆ ಧಕ್ಕಾದಲ್ಲಿ ಮೂರು ಗಂಟೆ ನಿಲ್ಲಿ ಅನ್ನೋಕಾಗುತ್ತಾ. ಆದ್ರೆ ಜೊತೆಗೆ ಅಲ್ಲೇ ಕೂತು ಮಾಡಿದ ಒಂದು ಸಣ್ಣ ನೋಟ್ಸ್ ಇರಬೇಕು, ಪೋಸ್ಟ್‌ಕಾರ್ಡ್ ಸೈಜು ಸಾಕು, ಪೆನ್ಸಿಲಲ್ಲಿ ಮೂರೇ ಬಣ್ಣ: ಬಿಸಿಲು, ನೆರಳು, ಪೂರ್ತಿ ಕಪ್ಪು. ಹತ್ತು ನಿಮಿಷದ ಕೆಲಸ. ಮನೇಲಿ ಫೋಟೋಗೂ ನೋಟ್ಸ್‌ಗೂ ಜಗಳ ಬಂದ್ರೆ ನೋಟ್ಸ್ ಮಾತು ಕೇಳಿ.

ಹೊತ್ತು ಯಾವುದು ಅಂದ್ರೆ, ಭಾವೂಚಾ ಧಕ್ಕಾನೂ ಸಸೂನ್ ಡಾಕೂ ಊರಿನ ಪೂರ್ವ ದಿಕ್ಕಿಗಿವೆ, ನಮ್ಮ ಮಲ್ಪೆ ದಕ್ಕೆಗೆ ಉಲ್ಟಾ (ದಕ್ಕೆ, ಧಕ್ಕಾ ಎರಡೂ ಒಂದೇ ಪದ ಅನ್ನೋದು ನನಗೆ ಮುಂಬೈಗೆ ಬಂದ ಹೊಸದರಲ್ಲಿ ಹೊಳೆದು ಅವತ್ತಿಡೀ ಖುಷಿಯಾಗಿದ್ದೆ). ಬೆಳಿಗ್ಗೆ ಸೂರ್ಯ ನೀರಿನ ಕಡೆಯಿಂದ ಬರ್ತಾನೆ, ಬೋಟುಗಳೆಲ್ಲ ಗಾಢ ಆಕಾರ, ನೀರು ಮಿಣಮಿಣ, ಇದು ಹೊಸಬರಿಗೆ ಸುಲಭ ಯಾಕಂದ್ರೆ ನೆರಳು ತಾನಾಗೇ ಒಟ್ಟಾಗಿರುತ್ತೆ. ಮೂರು ಗಂಟೆ ಮೇಲೆ ಬೆಳಕು ನಿಮ್ಮ ಬೆನ್ನ ಹಿಂದಿಂದ, ಬೋಟಿನ ಬಣ್ಣ ಎಲ್ಲ ಹೊಳೆಯುತ್ತೆ, ನೋಡೋಕೆ ಆಸೆ ಆಗುತ್ತೆ, ಮಾಡೋಕೆ ಕಷ್ಟ. ಡಿಸೆಂಬರ್‌ನಲ್ಲಾದ್ರೆ ನಡು ಮಧ್ಯಾಹ್ನವೂ ಸೂರ್ಯ 47 ಡಿಗ್ರಿ ಆಸುಪಾಸಲ್ಲೇ ಇರೋದು, ಕಂಬದ ನೆರಳು ಹೆಚ್ಚುಕಮ್ಮಿ ಕಂಬದಷ್ಟೇ ಉದ್ದ, ದಿನವಿಡೀ ಕೆಲಸ ಮಾಡಬಹುದು. ಎರಡು ಎಚ್ಚರಿಕೆ: ಕೂಲಿಂಗ್ ಗ್ಲಾಸ್ ತೆಗೆದಿಡಿ, ಕ್ಯಾನ್ವಾಸ್ ಮೇಲೆ ನೇರ ಬಿಸಿಲು ಬೀಳದ ಹಾಗೆ ಛತ್ರಿ ಹಿಡಿಸಿ, ಇಲ್ಲಾಂದ್ರೆ ಅಲ್ಲಿ ಝಗಮಗ ಅನ್ನಿಸಿದ ಚಿತ್ರ ಮನೆಗೆ ಬಂದಾಗ ಮಸಿ ಬಳಿದ ಹಾಗೆ ಕಾಣುತ್ತೆ. ಡಾಕ್ ಒಳಗೆ ಕೂರೋ ಮೊದಲು ಗೇಟಲ್ಲಿ ಕೇಳ್ಕೊಳ್ಳಿ, ಕ್ಯಾಮೆರಾ ವಿಷಯದಲ್ಲಿ ಬಂದರಿನವರು ಸ್ಟ್ರಿಕ್ಟ್.

ಹಾಂ, ನೀರಿನ ಮಟ್ಟ. ನಾನು ಸಸೂನ್ ಡಾಕಲ್ಲಿ ಮೊದಲ ಸಲ ಈಸೆಲ್ ಹಾಕ್ದಾಗ ಎರಡು ಗಂಟೆ ಕಷ್ಟಪಟ್ಟು ಒಂದು ಟ್ರಾಲರ್ ಬರೆದೆ, ಮುಗಿಸೋ ಹೊತ್ತಿಗೆ ನೋಡಿದ್ರೆ ನನ್ನ ಚಿತ್ರದಲ್ಲಿ ಪಕ್ಕೆ ಕಾಣ್ತಿದೆ, ಎದುರಿಗಿರೋ ಬೋಟಲ್ಲಿ ಡೆಕ್ ಒಳಗಿನ ಬಲೆ, ಹಗ್ಗ, ಅನ್ನದ ಪಾತ್ರೆ ಎಲ್ಲ ಕಾಣ್ತಿದೆ! ಇಳಿತ, ಇಲ್ಲಿಯವರ ಓಹೋಟಿ. ಹುಣ್ಣಿಮೆ ಅಮಾವಾಸ್ಯೆ ಸುತ್ತಮುತ್ತ ಮುಂಬೈಲಿ ಉಬ್ಬರಕ್ಕೂ ಇಳಿತಕ್ಕೂ ಮೂರೂವರೆ ಮೀಟರ್‌ಗೂ ಹೆಚ್ಚು ವ್ಯತ್ಯಾಸ, ಅದರಲ್ಲಿ ಅರ್ಧ ನಡುವಿನ ಎರಡೇ ಗಂಟೆಯಲ್ಲಿ ಆಗಿಹೋಗುತ್ತೆ, ಒಬ್ಬ ಮನುಷ್ಯನ ಎತ್ತರ. ಅದಕ್ಕೆ ಭರತಿ, ಅಂದ್ರೆ ಉಬ್ಬರದ ಟೈಮ್ ನೋಡ್ಕೊಂಡು ಹೋಗಿ, ನೀರು ಏರಿ ನಿಂತಿರೋ ಹೊತ್ತು ಒಳ್ಳೇದು. ಒಂದೇ ಸಲಕ್ಕೆ ಮುಗೀಲಿಲ್ಲ ಅಂದ್ರೆ ಮರುದಿನ ಹೋದ್ರೆ ಉಬ್ಬರ ಸುಮಾರು ಐವತ್ತು ನಿಮಿಷ ಲೇಟು, ಹದಿನೈದು ದಿನ ಬಿಟ್ಟು ಹೋದ್ರೆ ಅದೇ ಬೆಳಕಿಗೆ ಹೆಚ್ಚುಕಮ್ಮಿ ಅದೇ ನೀರು ಸಿಗುತ್ತೆ. ಬೋಟು ಅದೇ ಇರುತ್ತೆ ಅಂತ ಗ್ಯಾರಂಟಿ ಇಲ್ಲ.

ಬೋಟು ಅಂಟಿಸಿದ ಹಾಗೆ ಕಾಣೋಕೂ ಇದೇ ಸಂಬಂಧ. ನಿಮ್ಮ ಮೂರನೇ ಚಿತ್ರದಲ್ಲಿ ಹತ್ತಿರದ ಬೋಟನ್ನ ಮೇಲಿಂದ ನೋಡಿದ್ದೀರಿ, ಅದೇ ಸೈಜಿನ ದೂರದ ಬೋಟನ್ನ ನೀರಲ್ಲಿ ನಿಂತು ನೋಡಿದ ಹಾಗಿದೆ. ನಿಮ್ಮ ಕಣ್ಣಿನ ಎತ್ತರಕ್ಕೆ ಒಂದು ಅಡ್ಡಗೆರೆ ಎಳೀರಿ, ಎದುರು ಉರಣ್ ಕಡೆ ಗುಡ್ಡ ಅಡ್ಡ ಇದ್ರೂ ಗೆರೆ ಎಳೀರಿ. ಆ ಗೆರೆ ಒಂದು ಬೋಟಿನ ಕ್ಯಾಬಿನ್ ಚಾವಣಿಗೆ ತಾಗಿದ್ರೆ ಅದೇ ಎತ್ತರದ ಎಲ್ಲ ಬೋಟಿಗೂ, ಎಷ್ಟೇ ದೂರ ಇರಲಿ, ಅಲ್ಲೇ ತಾಗಬೇಕು. ಇಷ್ಟು ಸರಿ ಮಾಡಿದ್ರೆ ಬೋಟು ಅರ್ಧ ನೀರಿಗಿಳಿಯುತ್ತೆ. ಇನ್ನರ್ಧ ಪ್ರತಿಬಿಂಬದ್ದು. ನೀವು ಪ್ರತಿಬಿಂಬವನ್ನೂ ನೆರಳನ್ನೂ ಒಂದು ಮಾಡಿದೀರಿ, ಬಹಳ ಜನ ಮಾಡ್ತಾರೆ. ನೆರಳು ಸೂರ್ಯನ ಮಾತು ಕೇಳುತ್ತೆ, ಪಕ್ಕಕ್ಕೆ ವಾಲುತ್ತೆ, ಪ್ರತಿಬಿಂಬ ಸೂರ್ಯನ ಮಾತು ಕೇಳಲ್ಲ, ಯಾವಾಗಲೂ ವಸ್ತುವಿನ ನೇರ ಕೆಳಗೆ, ನಿಮ್ಮ ಕಡೆಗೇ ಬರುತ್ತೆ. ಬಿಳಿ ಕ್ಯಾಬಿನ್ ನೀರಲ್ಲಿ ಸ್ವಲ್ಪ ಮಂಕಾಗುತ್ತೆ, ಕಪ್ಪು ಪಕ್ಕೆ ನೀರಲ್ಲಿ ಸ್ವಲ್ಪ ತಿಳಿಯಾಗುತ್ತೆ. ಮತ್ತೆ ಅದು ಬೋಟಿನ ಉಲ್ಟಾ ಕಾಪಿ ಅಲ್ಲ, ನೀರಿನ ಕೆಳಗಿಂದ ಕತ್ತೆತ್ತಿ ನೋಡಿದ್ರೆ ಏನು ಕಾಣುತ್ತೋ ಅದು, ಹಾಗಾಗಿ ಮೂತಿಯ ಅಡಿಭಾಗ ಅದರಲ್ಲಿ ಜಾಸ್ತಿ ಕಾಣುತ್ತೆ, ಡೆಕ್ ಕಾಣಲ್ಲ. ಕೊನೆಗೆ ಬೋಟೂ ನೀರೂ ಸೇರೋ ಕಡೆ ಒಂದು ತೆಳು ಗಾಢ ಗೆರೆ, ಪೂರ್ತಿ ಎಳೀಬೇಡಿ, ಅಲ್ಲಲ್ಲಿ ಬಿಡಿ.

ನೀರು ನೀಲಿ ಅಂತ ಯಾರು ಹೇಳಿದ್ದು? ಮುಂಬೈ ಬಂದರಿನ ನೀರು ಕೆಸರು, ಚಾದಂಥದ್ದು. ಕಾಲ ಬುಡದಲ್ಲಿ ನೇರ ಕೆಳಗೆ ನೋಡಿದ್ರೆ ನೀರು ಬರೀ ಶೇಕಡಾ 2ರಷ್ಟು ಬೆಳಕನ್ನ ಪ್ರತಿಫಲಿಸುತ್ತೆ, ಉಳಿದದ್ದು ಒಳಗೆ ಹೋಗಿ ಕೆಸರಿನ ಬಣ್ಣ ಹೊತ್ಕೊಂಡು ವಾಪಸ್ ಬರುತ್ತೆ, ಅದಕ್ಕೇ ಹತ್ತಿರದ ನೀರು ಹಸಿರು ಕಂದು. ದೂರ ಹೋದಷ್ಟೂ ನೋಟ ಓರೆಯಾಗಿ ನೀರು ಕನ್ನಡಿ ಆಗುತ್ತೆ, ಆಕಾಶದ ಅಂಚಿನ ಬಣ್ಣ ಹಿಡಿಯುತ್ತೆ, ಆ ಅಂಚು ಮುಂಬೈಲಿ ಎಲ್ಲಿ ನೀಲಿ, ಮಬ್ಬು ಬೆಣ್ಣೆ ಬಣ್ಣ. ನಾನು ಹಾಕೋದು ಅಲ್ಟ್ರಾಮರೀನ್ (ಗಾಢ ನೀಲಿ) ಮತ್ತೆ ಯೆಲ್ಲೋ ಓಕರ್, ಚಿಟಿಕೆ ಬರ್ಂಟ್ ಸಿಯೆನ್ನಾ (ಕೆಂಗಂದು), ಹತ್ತಿರಕ್ಕೆ ವೈಟ್ ಇಲ್ಲದೆ, ದೂರಕ್ಕೆ ವೈಟ್ ಜೊತೆ. ನಿಮ್ಮ ಆ ಥ್ಯಾಲೋ ಬ್ಲೂ ಟ್ಯೂಬನ್ನ ಆರು ತಿಂಗಳು ಬೀರುವಲ್ಲಿಡಿ. ಮಿಣುಕು ಕೊನೆಗೆ, ನೈಫಲ್ಲಿ, ದಪ್ಪಗೆ, ಸ್ವಲ್ಪ ಹಳದಿ ಬೆರೆಸಿದ ಬಿಳಿ. ವೈಟ್‌ಗೆ ಇಲ್ಲಿ ಮಾತ್ರ ಪೂರ್ತಿ ಸ್ವಾತಂತ್ರ್ಯ.

ಕಪ್ಪು ಮುಟ್ಟಬಾರದು ಅನ್ನೋದು ಅರ್ಧ ಸತ್ಯ. ಕಲಿಯೋರು ಎಲ್ಲ ಬಣ್ಣಕ್ಕೂ ಕಪ್ಪು ಹಾಕಿ ನೆರಳು ಮಾಡೋಕೆ ಹೋಗಿ ರಾಡಿ ಮಾಡ್ಕೋತಾರೆ, ಅದಕ್ಕೆ ಟೀಚರ್‌ಗಳು ಬೇಡ ಅಂತಾರೆ, ತಪ್ಪೇನಿಲ್ಲ. ಆದ್ರೆ ಸ್ವೀಡನ್ನಿನ ಕಲಾವಿದ ಝೋರ್ನ್ ಕಪ್ಪು, ಬಿಳಿ, ಓಕರ್, ಕೆಂಪು ಇಷ್ಟರಲ್ಲೇ ಎಷ್ಟೋ ದೊಡ್ಡ ಚಿತ್ರ ಮಾಡಿದ, ಓಕರ್‌ಗೆ ಐವರಿ ಬ್ಲ್ಯಾಕ್ ಬೆರೆಸಿದ್ರೆ ಒಳ್ಳೆ ಹಸಿರು ಬರುತ್ತೆ, ಬಂದರಿನ ನೀರಿಗೆ ಹೇಳಿ ಮಾಡಿಸಿದ್ದು. ನಾನು ಗಾಢಕ್ಕೆ ಅಲ್ಟ್ರಾಮರೀನ್ ಜೊತೆ ಬರ್ಂಟ್ ಸಿಯೆನ್ನಾ ಬೆರೆಸ್ತೀನಿ, ಬೇಕಾದ ಹಾಗೆ ಬಿಸಿ ತಣ್ಣಗೆ ತಿರುಗಿಸಬಹುದು ಅಂತ. ಫಾರಿನ್ ಟ್ಯೂಬ್ ವಿಷಯ, ಕಮ್ಮಿ ಬೆಲೆಯ ಸ್ಟೂಡೆಂಟ್ ಬಣ್ಣದಲ್ಲಿ ಪಿಗ್ಮೆಂಟ್ (ಬಣ್ಣದ ಪುಡಿ) ಕಮ್ಮಿ, ಫಿಲ್ಲರ್ ಜಾಸ್ತಿ, ಅದು ಹೌದು. ದುಡ್ಡು ಹಾಕೋದಾದ್ರೆ ವೈಟ್ ಒಂದು, ಹಳದಿ ಒಂದು ಒಳ್ಳೇದು ತಗೊಳ್ಳಿ, ಮಣ್ಣಿನ ಬಣ್ಣಗಳು ಕ್ಯಾಮೆಲ್‌ದೇ ಸಾಕು. ಟ್ಯೂಬ್ ಹಿಂದೆ ಪಿಗ್ಮೆಂಟ್ ನಂಬರ್ ಇರುತ್ತೆ, ನಿಜವಾದ ಅಲ್ಟ್ರಾಮರೀನ್ ಅಂದ್ರೆ ಪಿಬಿ 29.

ಈಗ ಮಳೆಗಾಲ. ಆಯಿಲ್ ಬಣ್ಣ ಬಟ್ಟೆ ಹಾಗೆ ನೀರು ಆರಿ ಒಣಗಲ್ಲ, ಅಗಸೆ ಎಣ್ಣೆ ಗಾಳಿಯ ಆಕ್ಸಿಜನ್ ಹಿಡ್ಕೊಂಡು ಗಟ್ಟಿಯಾಗೋದು. ತೇವ, ಮೋಡ, ಮುಚ್ಚಿದ ಕಿಟಕಿ, ದಪ್ಪ ಟೈಟಾನಿಯಂ ವೈಟ್, ಇಷ್ಟೂ ಸೇರಿದ್ರೆ ಮೂರು ವಾರ ಏನು, ಐದು ವಾರನೂ ಆಗಬಹುದು. ದಾರಿ ಇದೆ. ಅಡಿ ಪದರಕ್ಕೆ ಬರ್ಂಟ್ ಅಂಬರ್ (ಗಾಢ ಕಂದು) ಬಳಸಿ, ಅದರಲ್ಲಿರೋ ಮ್ಯಾಂಗನೀಸ್ ಬೇಗ ಒಣಗಿಸುತ್ತೆ. ಲಿಕ್ವಿನ್ ಥರದ ಆಲ್ಕಿಡ್ ಮೀಡಿಯಂ (ಬಣ್ಣಕ್ಕೆ ಬೆರೆಸೋ, ಬೇಗ ಒಣಗೋ ದ್ರವ) ಹಾಕಿದ್ರೆ ತೆಳು ಪದರ ಒಂದೆರಡು ದಿನಕ್ಕೆ ಒಣಗುತ್ತೆ, ವಾಸನೆ ಇದೆ, ಕಿಟಕಿ ತೆಗೀಲೇಬೇಕು. ಕೋಬಾಲ್ಟ್ ಡ್ರೈಯರ್ ಅಂತ ಕೆಲವರು ಸುರೀತಾರೆ, ಜಾಸ್ತಿಯಾದ್ರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ, ಆಮೇಲೆ ಸುಕ್ಕು, ಬಿರುಕು, ನಾನಂತೂ ಬೇಡ ಅಂತೀನಿ. ಸೀಮೆಎಣ್ಣೆ ಬೇಡವೇ ಬೇಡ, ಜಿಡ್ಡು ಉಳಿಯುತ್ತೆ. ಎಣ್ಣೆ ಹೆಚ್ಚಿರೋ ಪದರ ಮೇಲೆ, ಕಮ್ಮಿ ಇರೋದು ಕೆಳಗೆ, ಇದನ್ನ ಮಾತ್ರ ಉಲ್ಟಾ ಮಾಡಬೇಡಿ. ಇನ್ನೊಂದು, ಅಗಸೆ ಎಣ್ಣೆ ಹತ್ತಿದ ಬಟ್ಟೆ ಮುದ್ದೆ ಮಾಡಿ ಡಬ್ಬಿಗೆ ಹಾಕಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ. ನನ್ನ ಖೋಲಿಯಲ್ಲಿ ಒಮ್ಮೆ ಕಸದ ಡಬ್ಬಿಯಿಂದ ಹೊಗೆ ಬಂದಿತ್ತು, ತಪ್ಪು ನಂದೇ, ಅವತ್ತಿಂದ ನೀರಲ್ಲಿ ಅದ್ದಿ ಹರವಿ ಒಣಗಿಸ್ತೀನಿ.

ಬೂಸ್ಟು ಹಿಡಿದ ಕ್ಯಾನ್ವಾಸನ್ನ ಒದ್ದೆ ಬಟ್ಟೇಲಿ ಒರೆಸಬೇಡಿ, ಹರಡುತ್ತೆ. ಮಳೆ ಬಿಟ್ಟ ದಿನ ಬಾಲ್ಕನೀಲಿ ಮಾಸ್ಕ್ ಹಾಕ್ಕೊಂಡು ಒಣ ಬ್ರಷ್ಷಲ್ಲಿ ಹಿಂದ್ಗಡೆ ಕೆಡವಿ, ಸ್ವಲ್ಪ ಹೊತ್ತು ಗಾಳಿಗಿಡಿ. ಹೊರಗೋಡೆಗೆ ಒರಗಿಸಬೇಡಿ, ಪ್ಲಾಸ್ಟಿಕ್ ಸುತ್ತಬೇಡಿ. ಕತ್ತಲೆ ಬೀರುವಲ್ಲೂ ಬೇಡ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತೆ, ಆದ್ರೆ ಕಿಟಕಿ ಬೆಳಕಿಗೆ ಕೆಲ ದಿನ ಇಟ್ರೆ ಬಹುಪಾಲು ತಿಳಿಯಾಗುತ್ತೆ, ಗಾಬರಿ ಬೇಡ. ಗಾಢ ಬಣ್ಣ ಬೂದಿಯಾಗಿದ್ದು ಹಾಳಾಗಿದ್ದಲ್ಲ, ಕ್ಯಾನ್ವಾಸಿಗೆ ಮೊದಲು ಬಳಿದ ಪ್ರೈಮರ್ ಬಣ್ಣದ ಎಣ್ಣೆ ಕುಡಿದುಬಿಟ್ಟಿದೆ ಅಷ್ಟೇ. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಬಟ್ಟೇಲಿ ತೀರಾ ತೆಳುವಾಗಿ ಸವರಿ ಹೆಚ್ಚಿದ್ದನ್ನ ಒರೆಸಿ ತೆಗೀರಿ, ಬಣ್ಣ ಎದ್ದು ಬರುತ್ತೆ. ಕೊನೇ ವಾರ್ನಿಷ್‌ಗೆ ಆರು ತಿಂಗಳಿಂದ ವರ್ಷ ಕಾಯಿರಿ. ರಾತ್ರಿ ಕೂರೋದು ಬಿಡೋಕಾಗಲ್ಲ ಅಂದ್ರೆ 5000 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ) 90 ಮೇಲಿರೋ ಬಲ್ಬ್ ಒಂದು ಹಾಕ್ಕೊಳ್ಳಿ.

ಮೀನುಗಾರಿಕೆ ರಜೆ ಇದೆಯಲ್ಲ, ಜೂನ್ 1ರಿಂದ ಜುಲೈ 31, ಮುಂದಿನ ವರ್ಷ ಆ ಟೈಮಲ್ಲಿ ವೆರ್ಸೋವಾ ಕೋಳಿವಾಡಕ್ಕೆ (ಮೀನುಗಾರರ ಕೇರಿ) ಹೋಗಿ, ಬೋಟುಗಳನ್ನ ದಡಕ್ಕೆಳೆದು ಟಾರ್ಪಾಲಿನ್ ಹೊದಿಸಿರ್ತಾರೆ, ನೀರೊಳಗೆ ಕಾಣದ ಹೊಟ್ಟೆ ಪೂರ್ತಿ ಕಾಣುತ್ತೆ. ಬರೀ ಗೆರೇಲಿ ಬರ್ಕೊಳ್ಳಿ. ನಿಮ್ಮೂರ ಕಡೆಯವರೇ, ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು, ಇದೇ ಮುಂಬೈಲಿ ಬದುಕಿದವರು, ಅವರ ರೇಖಾಚಿತ್ರ ಎಲ್ಲಾದ್ರೂ ಸಿಕ್ರೆ ನೋಡಿ, ಎಷ್ಟು ಕಮ್ಮಿ ಗೆರೇಲಿ ಎಷ್ಟು ಹೇಳಬಹುದು ಅಂತ. ಆಮೇಲೆ ನೂಲು ಹುಣ್ಣಿಮೆಗೆ, ಇಲ್ಲಿನ ನಾರಳಿ ಪೂರ್ಣಿಮೆಗೆ, ಹೊಸ ಪೇಂಟು ಬಾವುಟ ಎಲ್ಲ ಹಾಕಿ ಬೋಟನ್ನ ಅಲಂಕಾರ ಮಾಡ್ತಾರೆ, ಆಗ ಬಣ್ಣ ತಗೊಂಡು ಹೋಗಿ.

ಈಗಿರೋ ನಾಲ್ಕರಲ್ಲಿ ಒಂದು ಮತ್ತು ನಾಲ್ಕನ್ನ ಬಿಟ್ಟುಬಿಡಿ, ಅದರ ಮೇಲೆ ಸಮಯ ಹಾಕಬೇಡಿ. ಮೂರರಲ್ಲಿ ಅಡ್ಡಗೆರೆಯೇ ತಪ್ಪಿದೆ. ಎರಡನೇದು ಉಳಿಯುತ್ತೆ. ಅದು ಮುಟ್ಟಿದ್ರೆ ಅಂಟದಷ್ಟು ಒಣಗಿದ ಮೇಲೆ ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಎರಡನ್ನೂ ಮೀಡಿಯಂನಲ್ಲಿ ತೆಳುವಾಗಿ, ವೈಟ್ ಒಂದು ಹನಿನೂ ಇಲ್ಲದೆ, ಎರಡೂ ಬೋಟಿನ ಪಕ್ಕೆ ಮೇಲೆ ಗಾಜಿನ ಹಾಗೆ ಒಂದು ಪದರ ಎಳೀರಿ, ನೀರಿಗೆ ಹತ್ತಿರ ಸ್ವಲ್ಪ ಒರೆಸಿ ತಿಳಿ ಮಾಡಿ, ನೀರಿಂದ ಚಿಮ್ಮಿದ ಬೆಳಕಿಗೆ. ಡೆಕ್ ತಾನಾಗೇ ಬಿಸಿಲಿಗೆ ಬರುತ್ತೆ. ಹಸಿ ಇದ್ದಾಗ ಮಾಡಿದ್ರೆ ಕೆಳಗಿನ ಸುಣ್ಣ ಎದ್ದು ಬೆರೆತು ಮತ್ತೆ ಅದೇ ಆಗುತ್ತೆ, ಅವಸರ ಬೇಡ. ಮತ್ತೆ ಅದೇ ಚಿತ್ರದ ಎಡಗಡೆ, ಟಾರ್ಪಾಲಿನ್ ಅಡಿ ಒಬ್ಬ ಹೆಂಗಸು ಸಿಗಡಿ ಆರಿಸ್ತಾ ಕೂತಿದ್ದಾಳಲ್ಲ, ಅವಳ ಸುತ್ತ ಕಂದು ನೇರಳೆ ಒಂದು ನೆರಳಿದೆ, ಸಾಕಾಗಿ ಕೈಬಿಟ್ಟ ಜಾಗ ಅನ್ಸುತ್ತೆ, ವೈಟ್ ಹಾಕಿಲ್ಲ. ಅದನ್ನ ಮುಟ್ಟಬೇಡಿ, ಸರಿಯಾಗೇ ಇದೆ.